ಒಂದು ವಾರ ಬಳಸಿ ಹೇಳುವವರು

ಔರಾದದ ಮಂದಿಗೆ ಅವರು ದನದ ಡಾಕ್ಟರು. ನನಗೆ ಅವರು ಪರಿಚಯವಾದದ್ದು ದನದಿಂದಲ್ಲ, ಫೋನಿನಿಂದ. ಯಾರಾದರೂ ಹೊಸದಾಗಿ ಒಂದು ಆ್ಯಪ್ ಮಾಡಿ "ಬಳಸಿ ನೋಡಿ, ಅಭಿಪ್ರಾಯ ತಿಳಿಸಿ" ಎಂದು ಹಾಕಿದರೆ, ಅದನ್ನು ನಿಜವಾಗಿ ಬಳಸಿ, ನಿಜವಾಗಿ ಅಭಿಪ್ರಾಯ ತಿಳಿಸುತ್ತಿದ್ದವರು ನಾನು ಕಂಡಂತೆ ಅವರೊಬ್ಬರೇ. ಈ ಕಾರ್ತಿಕದಲ್ಲಿ ಉದಗೀರದ ತಂಗಿಯ ಮನೆಯಲ್ಲಿ ತೀರಿಕೊಂಡರು. ತಂಗಿಯ ಮಗ ನನಗೆ ಫೋನು ಮಾಡುವ ಹೊತ್ತಿಗೆ ಮಣ್ಣು ಆಗಿ ಎರಡು ದಿನವಾಗಿತ್ತು. ದಿನಕ್ಕೊಂದು ಪುಟ ದಿನಚರಿ ತುಂಬಿಸುವ ನಾನು ಅಂದು ಒಂದು ಸಾಲು ಬರೆದು ನಿಲ್ಲಿಸಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಭಾಲ್ಕಿಯವಳು. ಸ್ಟೇಷನ್ ರಸ್ತೆಯ ಒಂದು ಖಾಸಗಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ತೇದಿ ಹಾಕುವುದು, ಗೆರೆ ಎಳೆದು ಎಣಿಕೆ ಇಡುವುದು ನನ್ನ ಚಟ. ಮಳೆ ಬಂದ ದಿನ, ಕರೆಂಟು ಹೋದ ದಿನ, ಅವ್ವ ನನ್ನ ಮದುವೆಯ ಮಾತೆತ್ತಿದ ದಿನ, ಎಲ್ಲಕ್ಕೂ ನನ್ನಲ್ಲಿ ಗೆರೆಗಳಿವೆ. ಇಂಥ ಚಟ ಇರುವವರಿಗೆ ಊರಿನಲ್ಲಿ ಗೆಳೆಯರು ಕಡಿಮೆ. ನನ್ನ ಮಾತುಕತೆಯ ಬಹುಪಾಲು ಒಂದು ಕನ್ನಡ ಗುಂಪಿನಲ್ಲಿ ನಡೆಯುತ್ತಿತ್ತು. ಕನ್ನಡದಲ್ಲಿ ಹೊಸ ಆ್ಯಪ್, ಕೀಲಿಮಣೆ, ನಿಘಂಟು ಏನೇ ಮಾಡಿದವರೂ ಅದನ್ನು ಮೊದಲು ತಂದು ಅಲ್ಲಿ ತೋರಿಸುತ್ತಿದ್ದರು. ಸಾವಿರಾರು ಜನರಿದ್ದ ಗುಂಪು. ತೋರಿಸಿದ ಗಳಿಗೆಯೇ ಅಭಿನಂದನೆಗಳು ಸುರಿಯುತ್ತಿದ್ದವು. ಸೂಪರ್ ಸರ್, ಹೆಮ್ಮೆಯ ಸಂಗತಿ, ಕನ್ನಡಾಂಬೆಯ ಸೇವೆ. ಅರ್ಧದಷ್ಟು ಜನ ಅದನ್ನು ಫೋನಿಗೆ ಇಳಿಸಿಕೊಂಡೂ ಇರುತ್ತಿರಲಿಲ್ಲ. ನಾಲ್ಕು ದಿನಕ್ಕೆ ಅದು ಕೆಳಗೆ ಸರಿದು ಮರೆತು ಹೋಗುತ್ತಿತ್ತು. ಆಮೇಲೆ, ಎಲ್ಲರೂ ಮರೆತ ಮೇಲೆ, ಸರಿಯಾಗಿ ಏಳನೇ ದಿನ ಒಂದು ಅಭಿಪ್ರಾಯ ಬಂದು ಕೂರುತ್ತಿತ್ತು. ಅದು ಡಾಕ್ಟರದು.

ನಾನು ಮಾಡಿದ ಆ್ಯಪಿನ ಹೆಸರು "ಬಂತೇನ್ರಿ". ಔರಾದಕ್ಕೆ ರೈಲಿಲ್ಲ, ಎಲ್ಲಕ್ಕೂ ಬಸ್ಸೇ. ಬಸ್ಸು ಬಿಟ್ಟದ್ದನ್ನು ನೋಡಿದ ಒಬ್ಬರು ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಮುಂದಿನ ಊರಿನಲ್ಲಿ ನಿಂತವರಿಗೆ ತಿಳಿಯಬೇಕು, ಅಷ್ಟೇ ಅದರ ಕೆಲಸ. ಗುಂಪಿನಲ್ಲಿ ಹಾಕಿದೆ. ಅಭಿನಂದನೆ ಬಂತು. ಒಬ್ಬರು ನನ್ನನ್ನು ಗಡಿನಾಡಿನ ಹೆಮ್ಮೆಯ ಕುವರಿ ಎಂದರು. ಅದನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದೆ. ಏಳನೇ ದಿನ ಇದು ಬಂತು:

"ಈ ಆ್ಯಪನ್ನು ಒಂದು ವಾರ ಬಳಸಿದೆ. ನಾನು ಮಾಡಲು ಹೊರಟ ಕೆಲಸ: ಔರಾದದಿಂದ ಬೀದರಿಗೆ ಹೋಗುವ ಬಸ್ಸು ಬಿಟ್ಟಿದೆಯೇ ಎಂದು ಸಂತಪೂರದಲ್ಲಿ ನಿಂತು ತಿಳಿಯುವುದು. ನಾಲ್ಕು ದಿನ ತಿಳಿಯಿತು. ಮೂರು ದಿನ 'ಮಾಹಿತಿ ಇಲ್ಲ' ಎಂದು ಬಂತು. ಮಾಹಿತಿ ಇಲ್ಲ ಎಂದರೆ ಬಸ್ಸು ಬಿಟ್ಟಿಲ್ಲವೋ, ಬಿಟ್ಟದ್ದನ್ನು ಯಾರೂ ಹೇಳಿಲ್ಲವೋ? ಕಾಯಲೇ, ಜೀಪು ಹತ್ತಲೇ? ನನ್ನ ಕೈ ಅಲ್ಲಿ ನಿಂತಿತು. ಅಕ್ಷರಗಳು ಬಿಸಿಲಿನಲ್ಲೂ ಚೆನ್ನಾಗಿ ಕಾಣುತ್ತವೆ, ಅದನ್ನು ಬದಲಿಸಬೇಡಿ. ಮಾಡಿದವರಿಗೆ ಒಂದು ಪ್ರಶ್ನೆ: ನೀವು ಇದನ್ನು ಯಾವ ನಿಲ್ದಾಣದಲ್ಲಿ ನಿಂತು ನೋಡಿದ್ದೀರಿ?"

ಯಾವ ನಿಲ್ದಾಣದಲ್ಲೂ ನಿಂತು ನೋಡಿರಲಿಲ್ಲ. ಮನೆಯ ಕಟ್ಟೆಯ ಮೇಲೆ ಕೂತು ನೋಡಿದ್ದೆ. ಸಿಟ್ಟಿನಿಂದ ತಟ್ಟೆ ಸರಿಸಿ ಎದ್ದೆ.

"ಯಾರಿಗೋ ಬಸ್ ತಪ್ಪಿದ್ದಕ್ಕ ನೀ ಯಾಕ ಊಟ ಬಿಡ್ತಿ?" ಎಂದಳು ಅವ್ವ. "ಬೈದಾನೇನು?"

"ಬೈದಿಲ್ಲ. ಪ್ರಶ್ನಿ ಕೇಳ್ಯಾನ."

"ಅದಕ್ಕೇನ ಜವಾಬು ಇಲ್ಲ ನಿನ್ನ ಕಡೆ. ಅದಕ್ಕ ಸಿಟ್ಟು."

ಮುಂದಿನ ರವಿವಾರ ನಾನು ಔರಾದದ ಬಸ್ಸು ಹತ್ತಿದೆ. ಜಗಳ ಆಡಲು ಹೋದೆನೋ, ನೋಡಲು ಹೋದೆನೋ ಈಗಲೂ ಹೇಳಲಾರೆ. ಗುಂಪಿನಲ್ಲಿ ಅವರ ಪರಿಚಯದ ಕೆಳಗೆ ಔರಾದದ ದನದ ದವಾಖಾನೆ ಎಂದಿತ್ತು. ದವಾಖಾನೆಯ ಮುಂದೆ ಒಂದು ಎಮ್ಮೆ ಕಟ್ಟಿತ್ತು. ಅದರ ಪಕ್ಕದಲ್ಲಿ ಎತ್ತರದ, ತೆಳ್ಳನೆಯ ಮನುಷ್ಯರೊಬ್ಬರು ಅಂಗಿಯ ತೋಳು ಮಡಚಿ ನಿಂತಿದ್ದರು. ಎಮ್ಮೆ ತಂದ ಹೆಣ್ಣುಮಗಳು ಹೇಳುತ್ತಿದ್ದಳು, "ಮೇವು ಮುಟ್ಟವಲ್ದರಿ ಡಾಕ್ಟರ್ ಸಾಬ್ರ. ಏನಾಗ್ಯಾದೋ ಏನೋ, ಒಟ್ಟ ಛಲೋ ಇಲ್ಲರಿ."

"ಎಂದಿನಿಂದ?"

"ಹಬ್ಬದಿಂದರಿ."

"ಹಬ್ಬದ ಮುಂದೋ ಹಿಂದೋ?"

"ಹೋಳಿಗಿ ಉಳಿದಿದ್ವು, ಹಾಕಿದ್ದೆರಿ."

"ಎಷ್ಟ ಹಾಕಿದಿ?"

ಹೆಣ್ಣುಮಗಳು ಸೆರಗು ಬಾಯಿಗೆ ಹಿಡಿದಳು. ಡಾಕ್ಟರು ಮತ್ತೇನೂ ಕೇಳದೆ ಎಮ್ಮೆಯ ಎಡಪಕ್ಕೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಹಾಗೇ ನಿಂತರು. ಕಣ್ಣು ಮುಚ್ಚಿದ್ದರು. ಮನುಷ್ಯರ ಮೈಯನ್ನು ಯಾರೂ ಅಷ್ಟು ಹೊತ್ತು, ಅಷ್ಟು ನಿಧಾನವಾಗಿ ಮುಟ್ಟಿದ್ದನ್ನು ನಾನು ನೋಡಿಲ್ಲ.

ಎಮ್ಮೆ ಹೋದ ಮೇಲೆ ನಾನು ಯಾರೆಂದು ಹೇಳಿದೆ. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ನೀವೂ ನೋಡಿದ್ರಲ್ಲ ಟೀಚರ್. 'ಛಲೋ ಇಲ್ಲ' ಅಂದ್ಳು. ಆ್ಯಪ್ ಬಳಸೋ ಮಂದೀನೂ ಹಿಂಗರಿ. 'ನಡೀವಲ್ದು' ಅಂತಾರ, ಇಲ್ಲಾ 'ಬೇಷ್ ಅದ' ಅಂತಾರ. ಎರಡರಾಗೂ ಏನೂ ತಿಳೀಯಂಗಿಲ್ಲ. ಎಲ್ಲಿ ನೋವದ ಅಂತ ಕೈ ಇಟ್ಟು ತೋರಸ್ಬೇಕು."

"ಅಂದ್ರ ನನ್ನ ಆ್ಯಪ್ ಎಮ್ಮಿ ಏನ್ರಿ?"

"ಎಮ್ಮಿ ಒಳ್ಳೇದರಿ. ಕೈ ಇಟ್ರ ಸಿಟ್ಟು ಮಾಡಂಗಿಲ್ಲ."

ನಗು ಬಂತು. ಅಂದಿನಿಂದ ಆರಂಭವಾದದ್ದು ಸ್ನೇಹವೋ ಪಾಠವೋ ಎಂದು ಹೆಸರಿಡಲು ನನಗೆ ಬಂದಿಲ್ಲ. ವರ್ಷದಲ್ಲಿ ನಾವು ಭೇಟಿಯಾದದ್ದು ಕೈಬೆರಳಲ್ಲಿ ಎಣಿಸುವಷ್ಟು. ಫೋನಿನಲ್ಲಿ ಮಾತ್ರ ರವಿವಾರಕ್ಕೊಮ್ಮೆ ಮಾತು.

ಅವರ ಕ್ರಮಗಳು ಕಟ್ಟುನಿಟ್ಟು. ಹೊಸದನ್ನು ಒಂದು ವಾರ ಬಳಸದೆ ಬಾಯಿ ಬಿಡಬಾರದು. ಮೊದಲು, ತಾನು ಏನು ಮಾಡಲು ಹೊರಟಿದ್ದೆ ಎಂದು ಬರೆಯಬೇಕು. ಆಮೇಲೆ ಕೈ ಎಲ್ಲಿ ನಿಂತಿತು ಎಂದು. ಚೆನ್ನಾಗಿರುವ ಒಂದನ್ನು ಹೆಸರಿಸಿ, ಅದನ್ನು ಕೆಡಿಸಬೇಡಿ ಎನ್ನಬೇಕು. ಹೀಗೆ ಮಾಡಿ, ಹಾಗೆ ಮಾಡಿ ಎಂದು ಮಾತ್ರ ಹೇಳಕೂಡದು. "ಆಕಳ ಅವರದು. ನೋವು ತೋರಿಸೋದು ನಮ್ಮ ಕೆಲಸ. ಸಾಕೋದು ಅವರಿಗೇ ಬಿಡಬೇಕು" ಎನ್ನುತ್ತಿದ್ದರು. ಇನ್ನೊಂದಿತ್ತು: ಎಲ್ಲರೂ ಓದುವಲ್ಲೇ ಬರೆಯಬೇಕು, ಕಿವಿಯಲ್ಲಿ ಹೇಳಬಾರದು. ಒಬ್ಬರು ಬಿದ್ದ ಕುಣಿ ಮುಂದಿನವರಿಗೂ ಕಾಣಬೇಕಲ್ಲ.

ಅವರ ಫೋನು ಹಳೆಯದು. ಗಾಜು ಒಡೆದದ್ದು, ಜಾಗವಿಲ್ಲದ್ದು. ಹೊಸದು ತೆಗೆದುಕೊಳ್ಳಿ ಎಂದರೆ ಒಪ್ಪುತ್ತಿರಲಿಲ್ಲ. "ಇದರಾಗ ನಡೀತಂದ್ರ ಕಮಠಾಣದ ಗೌಳಿ ಫೋನಿನಾಗೂ ನಡೀತದ. ನನ್ನದು ಹೊಸದಾದ್ರ ನನ್ನ ಅಭಿಪ್ರಾಯ ಸುಳ್ಳಾಗ್ತದರಿ." ಮತ್ತೊಂದು ಪರೀಕ್ಷೆ ಔರಾದ–ಬೀದರ ಬಸ್ಸಿನಲ್ಲಿ. ಆ ದಾರಿಯಲ್ಲಿ ಸಿಗ್ನಲ್ ಬರುತ್ತದೆ, ಹೋಗುತ್ತದೆ, ಒಮ್ಮೊಮ್ಮೆ ಪಕ್ಕದ ರಾಜ್ಯದ್ದು ಸಿಗುತ್ತದೆ. ಹವಾಮಾನ ಹೇಳುವ ಒಂದು ಆ್ಯಪು ಅವರು ಕೂತ ಸೀಟಿನಿಂದ ಅಲ್ಲಾಡದಿದ್ದರೂ ಒಂದು ತಾಸಿನಲ್ಲಿ ಅವರನ್ನು ಮಹಾರಾಷ್ಟ್ರಕ್ಕೂ ತೆಲಂಗಾಣಕ್ಕೂ ಕಳಿಸಿ, ಮರಾಠಿಗೂ ತೆಲುಗಿಗೂ ಬದಲಾಗಿ, ವಾಪಸು ಕರೆತಂದಿತ್ತಂತೆ. ಅದರ ಬಗ್ಗೆ ಅವರು ಬರೆದರು: "ನನ್ನ ಭಾಷೆಯನ್ನು ನನ್ನನ್ನು ಕೇಳಿ ತಿಳಿಯಿರಿ, ಟವರಿನ ಕಂಬವನ್ನು ಕೇಳಬೇಡಿ."

ಒಂದು ವಾರ ಕಾಯುವ ಈ ಚಟ ಆ್ಯಪುಗಳಿಗಷ್ಟೇ ಇರಲಿಲ್ಲ. ಔರಾದದ ಬಸ್ ಸ್ಟ್ಯಾಂಡಿನ ಹೋಟೆಲಿನವನು ನನ್ನ ಮುಂದೆಯೇ ಗಿರಾಕಿಯೊಬ್ಬನಿಗೆ ಹೇಳಿದ, "ಡಾಕ್ಟರಿಗೆ ಛಾ ಹ್ಯಾಂಗಾಗ್ಯಾದರಿ ಅಂತ ಕೇಳಬ್ಯಾಡಪಾ. ಮುಂದಿನ ಐತಾರ ಬಂದು ಹೇಳ್ತಾರ." ಇದನ್ನು ಮನೆಗೆ ಬಂದು ಹೇಳಿದಾಗ ಅವ್ವ, "ಅದಕ್ಕ ಮದಿವಿ ಆಗಿಲ್ಲ ನೋಡು. ಹೆಣ್ಣು ನೋಡಿ ಒಂದ ವಾರ ಬಿಟ್ಟು ಹೇಳ್ತೇನಿ ಅಂದಿರಬೇಕು" ಎಂದು ನಕ್ಕಳು. ಸಲಿಗೆಯಿಂದ ಅದನ್ನೂ ಅವರಿಗೆ ಹೇಳಿಬಿಟ್ಟೆ. ಅವರೂ ನಕ್ಕರು. ಆಮೇಲೆ ಅಂದರು, "ಖರೇನ ಅಂದಿದ್ದೆರಿ. ಮೂರ ದಿನಕ್ಕ ಬ್ಯಾರೆ ಕಡಿ ಕೊಟ್ರು."

ದವಾಖಾನೆಯ ಹಿಂದೆ ಸರ್ಕಾರಿ ಕ್ವಾರ್ಟರ್ಸು. ಒಳಗೆ ಒಂದು ಮಂಚ, ಒಂದು ಕುರ್ಚಿ, ಗೋಡೆಯಲ್ಲಿ ಬುದ್ಧನದೂ ಬಾಬಾಸಾಹೇಬರದೂ ಪಟ. ನಾನು ಹೋದಾಗ ಕುರ್ಚಿ ನನಗೆ, ಮಂಚ ಅವರಿಗೆ. ಬೇರೆ ಯಾರೂ ಬರುವುದಿಲ್ಲವೇ ಎಂದು ಕೇಳಿದೆ. "ಬರ್ತಾರರಿ. ಅವರು ಕೂಡಂಗಿಲ್ಲ. ದನ ಹಿಡಕೊಂಡು ಹೊರಗ ನಿಂತಿರ್ತಾರ" ಎಂದರು. ಅದರಲ್ಲಿ ದೂರೇನೂ ಇರಲಿಲ್ಲ. ಇರುವ ಸಂಗತಿಯನ್ನು ಹೇಳಿದ್ದರು.

ಆದರೆ ಅವರಿಗೂ ಒಂದು ಆಸೆ ಇತ್ತು: ಉತ್ತರ. ಯಾರ ಆ್ಯಪಿನ ಬಗ್ಗೆ ಒಂದು ವಾರ ಕೂತು ಬರೆದರೋ ಅವರು ಒಂದು ಸಾಲು ಮರಳಿ ಬರೆಯಬೇಕು ಎಂಬಷ್ಟು. ಬಹಳ ಮಂದಿ ಬರೆಯುತ್ತಿರಲಿಲ್ಲ. ನನ್ನ ಚಟದಂತೆ ನಾನು ಗೆರೆ ಹಾಕುತ್ತಿದ್ದೆ, ಉತ್ತರ ಬಂದದ್ದಕ್ಕೆ ಒಂದು ಕಡೆ, ಬಾರದ್ದಕ್ಕೆ ಒಂದು ಕಡೆ. ಬಾರದ್ದರ ಕಡೆ ಪುಟ ತಿರುವಬೇಕಾಯಿತು. ಒಮ್ಮೆ ಅದನ್ನು ಹೇಳಿದಾಗ, "ಆ ಲೆಕ್ಕ ಬಿಡ್ರಿ ಟೀಚರ್. ಓದಿರ್ತಾರ. ಬರೀಲಾಕ ಪುರಸತ್ತಿರಂಗಿಲ್ಲ" ಎಂದರು. ಆದರೂ ರವಿವಾರದ ಫೋನಿನಲ್ಲಿ ಅವರ ಮೊದಲ ಮಾತು, "ಏನಾರ ಬಂದದೇನ್ರಿ ಅದರ ಕೆಳಗ? ನನ್ನ ಫೋನು ಲಗೂನ ತೋರಸಂಗಿಲ್ಲ."

ಅವರ ನಿವೃತ್ತಿಗೆ ಆರು ತಿಂಗಳಿತ್ತು. ಕ್ವಾರ್ಟರ್ಸು ಬಿಡಬೇಕು. ಉದಗೀರದಲ್ಲಿ ತಂಗಿ ಇದ್ದಳು, ಅಲ್ಲಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ತಂಗಿಯ ಮನೆಯಲ್ಲಿ ಎಲ್ಲರದೂ ಮರಾಠಿ ಸಾಲಿ, ಮರಾಠಿ ಪೇಪರು. ತಂಗಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. "ಮಾತಾಡ್ಲಾಕ ತ್ರಾಸಿಲ್ಲರಿ, ನನಗೂ ಮರಾಠಿ ಬರ್ತದ. ಆದ್ರ ಕನ್ನಡದಾಗ ಬರಿಯೋದು, ಓದೋದು ಇನ್ನ ಈ ಗುಂಪಿನಾಗಷ್ಟ. ಇದೊಂದು ಇರಬೇಕು" ಎಂದರು. ಅವರು ತಮಗಾಗಿ ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆ ಹೊತ್ತಿಗೇ ಬರಹದ ಆ್ಯಪು ಬಂತು. ಗುಂಪು ಕಟ್ಟಿದ ಮಹನೀಯರೇ ಅದನ್ನು ಮಾಡಿದ್ದರು. ಫೋನಿನಲ್ಲಿ ಕನ್ನಡದ ಕಥೆ, ಲೇಖನ ಬರೆದಿಡಲು ಅನುಕೂಲವಾಗುವಂಥದ್ದು. ಇಡೀ ಗುಂಪು ಕಾದಿತ್ತು. ಬಂದ ದಿನ ಹಬ್ಬವೇ ಆಯಿತು. ಎಷ್ಟೋ ಜನ ತಮ್ಮ ಮೊದಲ ಕಥೆಯನ್ನು ಅದರಲ್ಲೇ ಬರೆಯುತ್ತೇವೆಂದು ಪ್ರತಿಜ್ಞೆ ಮಾಡಿದರು. ಡಾಕ್ಟರೂ ದೇವಣಿ ತಳಿಯ ಆಕಳುಗಳ ಬಗ್ಗೆ ತಾವು ಕಂಡದ್ದನ್ನು ಬರೆಯತೊಡಗಿದರು. ಆರನೇ ದಿನ ನನಗೆ ಫೋನು ಬಂತು.

"ಟೀಚರ್, ಬಸ್ಸಿನಾಗ ಬರದದ್ದೆಲ್ಲ ಹೋತು. ಸಿಗ್ನಲ್ ಇಲ್ಲದಾಗ ಬರದಿದ್ದೆ. ಬೀದರದಾಗ ಸಿಗ್ನಲ್ ಬಂದ ಕೂಡ್ಲೇ ನಿನ್ನಿದು ಬಂದು ಇವತ್ತಿನದರ ಮ್ಯಾಲ ಕೂತದ. ಮೂರ ಸಲ ನೋಡಿದೆ. ಮೂರೂ ಸಲ ಹಂಗೇ."

ಹಳೆಯ ಪ್ರತಿ ಹೊಸ ಬರಹವನ್ನು ನುಂಗುತ್ತಿತ್ತು. ಇದು ಸಣ್ಣ ದೋಷವಲ್ಲ ಎಂದು ನನಗೂ ಗೊತ್ತಾಯಿತು. ಆದರೆ ಯಾರ ಆ್ಯಪು ಅದು ಎಂಬುದೂ ಗೊತ್ತಿತ್ತು. ಹಿಂದೆ ಒಬ್ಬರು ಅದೇ ಮಹನೀಯರ ನಿಘಂಟಿನ ತಪ್ಪುಗಳ ಬಗ್ಗೆ ಬರೆದು ಗುಂಪಿನಿಂದ ಹೊರಬಿದ್ದಿದ್ದರು.

"ಇದೊಂದು ಸಲ ಅವರಿಗೇ ಖಾಸಗಿಯಾಗಿ ಬರೀರಿ ಸರ್" ಎಂದೆ. "ನಿಮ್ಮನ್ನ ತೆಗೆದುಬಿಟ್ರ?"

ಆ ಕಡೆ ದವಾಖಾನೆಯಲ್ಲಿ ಯಾವುದೋ ಕರು ಕೂಗುವುದು ಕೇಳಿಸಿತು.

"ನನ್ನವು ನಾಲ್ಕ ಪುಟ ಹೋದ್ವು, ಹೋಗಲಿ. ಆಕಳ ಅಲ್ಲೇ ಅವ, ಮತ್ತ ನೋಡಿ ಬರೀತೇನಿ. ಕಥಿ ಬರಿಯೋರದು ಹೋದ್ರ ಅವರು ಎಲ್ಲಿ ನೋಡಿ ಬರೀಬೇಕ್ರಿ? ಇವತ್ತ ಬರೀತಿರೋರಿಗೆ ಇವತ್ತ ತಿಳೀಬೇಕು."

"ವಾರ ಆಗಿಲ್ಲಲ್ಲ ಇನ್ನ?" ತಡೆಯಲು ನನ್ನ ಬಳಿ ಉಳಿದಿದ್ದ ಕೊನೆಯ ಮಾತು ಅದು.

"ನಾಳೆ ಆಗ್ತದ."

ಮಾರನೇ ದಿನ ಹಾಕಿದರು. ಎಂದಿನಂತೆಯೇ ಬರೆದಿದ್ದರು. ಏನು ಮಾಡಲು ಹೊರಟೆ, ಎಲ್ಲಿ ಹೋಯಿತು, ಯಾವ ಯಾವ ಊರಿನ ನಡುವೆ ನೋಡಿದೆ. ಅಕ್ಷರದ ಅಂದ ಬಹಳ ಚೆನ್ನಾಗಿದೆ, ಕೆಡಿಸಬೇಡಿ ಎಂದೂ ಇತ್ತು. ಕೊನೆಯಲ್ಲಿ ಮಾತ್ರ ಹೊಸದೊಂದು ಸಾಲು: "ಇದು ಸರಿಯಾಗುವ ತನಕ ಬರೆಯುವವರು ಇನ್ನೊಂದು ಕಡೆ ನಕಲು ಇಟ್ಟುಕೊಳ್ಳಿ."

ಮಧ್ಯಾಹ್ನದೊಳಗೆ ಮಂದಿ ಮೈಮೇಲೆ ಬಂದರು. ಒಳ್ಳೆಯ ಕೆಲಸಕ್ಕೆ ಕಲ್ಲು ಹಾಕುವವರು ಎಲ್ಲೆಲ್ಲೂ ಇರುತ್ತಾರೆ ಎಂದರು. ನಿಮ್ಮ ಫೋನೇ ಡಬ್ಬಾ ಇರಬೇಕು ಎಂದರು. ಯಾರೋ ಒಬ್ಬ ಅವರ ಪರಿಚಯ ಹುಡುಕಿ ಓದಿ, "ದನ ನೋಡೋ ಕೆಲಸ ನೋಡ್ಕೊಳ್ಳಿ ಸ್ವಾಮಿ" ಎಂದ. ಅದಕ್ಕೆ ನೂರಾರು ನಗುಮುಖಗಳು. ನಾನು ಭಾಲ್ಕಿಯಿಂದ ಕಮಲನಗರದ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತು ಅದನ್ನೇ ಪರೀಕ್ಷಿಸಿ, ನನ್ನ ಬರಹವೂ ಹೋಯಿತೆಂದು ಬರೆದೆ. ಡಾಕ್ಟರು ಮಾತ್ರ ಯಾರಿಗೂ ತಿರುಗಿ ಅನ್ನಲಿಲ್ಲ. ದನ ನೋಡಿಕೊಳ್ಳಿ ಎಂದವನಿಗೆ, "ನೋಡುತ್ತಿದ್ದೇನೆ, ಧನ್ಯವಾದ" ಎಂದು ಬರೆದಿದ್ದರು. ಸಂಜೆಗೆ ಅವರ ಅಭಿಪ್ರಾಯ ಇರಲಿಲ್ಲ. ಅದರ ಕೆಳಗಿದ್ದ ನನ್ನ ಮಾತೂ ಹೋಗಿತ್ತು.

ಫೋನು ಬಂತು. "ಟೀಚರ್, ನನಗ ಗುಂಪೇ ಕಾಣಸವಲ್ದು. ನಿಮಗ ಕಾಣಸ್ತದೇನು?"

"ಕಾಣಸ್ತದ ಸರ್."

"ಹಂಗಾರ ನನ್ನ ಫೋನಿನಾಗೇ ಏನೋ ಆಗ್ಯಾದ."

"ಸರ್, ಅವರೇ ತೆಗದಿರಬೇಕು ನಿಮ್ಮನ್ನ."

"ಇರಬೇಕು ಅನ್ನೋದು ಅಭಿಪ್ರಾಯ ಅಲ್ಲರಿ. ಒಂದ ವಾರ ನೋಡೋಣು."

ಅವರು ನಿಜವಾಗಿಯೇ ಒಂದು ವಾರ ನೋಡಿದರು. ಫೋನು ಆರಿಸಿ ಹಚ್ಚಿದರು. ಎಲ್ಲವನ್ನೂ ತೆಗೆದು ಮತ್ತೆ ಹಾಕಿದರು. ಬೀದರಿಗೆ ಹೋಗಿ ಕೋಟೆಯ ಹತ್ತಿರ ನಿಂತು ನೋಡಿದರು, ಅಲ್ಲಿ ಸಿಗ್ನಲ್ ಚೆನ್ನಾಗಿದೆಯೆಂದು. ಸಂತಪೂರದಲ್ಲಿ ನೋಡಿದರು. ದವಾಖಾನೆಯ ಕಂಪೌಂಡರನ ಫೋನು ತೆಗೆದುಕೊಂಡು ನೋಡಿದರು. ದಿನವೂ ಫೋನು ಮಾಡಿ ಎಲ್ಲಿ ನಿಂತು ಏನು ನೋಡಿದೆ ಎಂದು ಹೇಳುತ್ತಿದ್ದರು. ನಾನು ಗುಂಪು ನಡೆಸುವವರಿಗೆ ಬರೆದು ಕೇಳಿದ್ದೆ. "ಗುಂಪಿನ ವಾತಾವರಣ ಸಕಾರಾತ್ಮಕವಾಗಿರಲಿ ಎಂಬುದು ನಮ್ಮ ಆಶಯ" ಎಂದು ಉತ್ತರ ಬಂದಿತ್ತು. ಅದನ್ನು ಓದಿ ಹೇಳಿದರೂ, "ಅದರಾಗ ನನ್ನ ಹೆಸರಿಲ್ಲಲ್ಲರಿ" ಎಂದರು. ಯಾರೋ ಬೇಕೆಂದೇ ತಮ್ಮನ್ನು ಹೊರಗೆ ಹಾಕಿರಬಹುದು ಎಂಬುದನ್ನು ಬಿಟ್ಟು ಉಳಿದ ಎಲ್ಲ ಕಾರಣಗಳನ್ನೂ ಅವರು ಒಂದೊಂದಾಗಿ ಪರೀಕ್ಷಿಸಿ ಮುಗಿಸಿದರು.

ಏಳನೇ ದಿನ ದನಿ ಸಣ್ಣದಾಗಿತ್ತು. "ದೋಷ ಇಲ್ಲ ಟೀಚರ್. ಕಂಪೌಂಡರ್ ಫೋನಿನಾಗ ಗುಂಪು ಅದ. ನನ್ನ ಹೆಸರಿಲೆ ಹೋದ್ರ 'ಸೇರಲು ವಿನಂತಿಸಿ' ಅಂತದ. ತೆಗದಾರ."

ಫೋನು ಹಿಡಿದು ಹೊರಗಿನ ಕಟ್ಟೆಗೆ ಬಂದು ಕೂತೆ.

"ಒಂದ ಅಭಿಪ್ರಾಯ ಅದ, ಬರಕೋರಿ. ನನ್ನ ಕೈ ಯಾಕೋ ಇವತ್ತ ಟೈಪ್ ಮಾಡವಲ್ದು."

ಬರೆದುಕೊಂಡೆ. "ಗುಂಪಿನಿಂದ ತೆಗೆದುಹಾಕುವ ಸೌಲಭ್ಯವನ್ನು ಒಂದು ವಾರ ಬಳಸಿದೆ. ತೆಗೆದವರಿಗೆ ಇದು ಸುಲಭವಾಗಿದೆ. ತೆಗೆಯಲ್ಪಟ್ಟವನಿಗೆ ಏನೂ ಕಾಣುವುದಿಲ್ಲ. ಆತ ತನ್ನ ಫೋನು ಕೆಟ್ಟಿದೆ ಎಂದುಕೊಳ್ಳುತ್ತಾನೆ. 'ನಿಮ್ಮನ್ನು ತೆಗೆದಿದ್ದೇವೆ' ಎಂದು ಒಂದು ಸಾಲು ಕಂಡರೆ ಒಂದು ವಾರ ಉಳಿಯುತ್ತದೆ."

"ಚೆನ್ನಾಗಿರೋದು ಯಾವುದು ಸರ್? ಒಂದು ಹೇಳಬೇಕಲ್ಲ?" ಎಂದೆ. ಹಗುರ ಮಾಡಲು ಕೇಳಿದ್ದು.

"ಸಪ್ಪಳ ಆಗಂಗಿಲ್ಲರಿ" ಎಂದರು.

ಆ ಅಭಿಪ್ರಾಯವನ್ನು ಗುಂಪಿನ ಜಾಲತಾಣ ನಡೆಸುವ ಕಂಪನಿಯ ಪೆಟ್ಟಿಗೆಗೆ ಕಳಿಸಿದೆವು. ಉತ್ತರ ಬರಲಿಲ್ಲ. ಅದಕ್ಕೊಂದು ಗೆರೆ ಹಾಕಲು ನನಗೆ ಮನಸ್ಸಾಗಲಿಲ್ಲ.

ಒಂದು ತಿಂಗಳಾದ ಮೇಲೆ ಬರಹದ ಆ್ಯಪಿನ ಹೊಸ ಆವೃತ್ತಿ ಬಂತು. ಬಸ್ಸಿನಲ್ಲಿ ಕೂತು ನೋಡಿದೆ. ಬರಹ ಉಳಿಯಿತು. ಅವರಿಗೆ ಫೋನು ಮಾಡಿ ಹೇಳಿದೆ.

"ಏನ ಸರಿ ಮಾಡೀವಿ ಅಂತ ಬರದಾರ?"

"'ಸಣ್ಣಪುಟ್ಟ ಸುಧಾರಣೆಗಳು' ಅಂತ ಅದ ಸರ್."

ಬಹಳ ಹೊತ್ತು ನಕ್ಕರು. "ಉಳೀತಲ್ಲ. ಮುಗೀತು" ಎಂದರು. ಆಮೇಲೆ, "ಮತ್ತ ವಿನಂತಿ ಹಾಕಲೇನ್ರಿ ಟೀಚರ್? ಸರಿ ಆಗ್ಯಾದಲ್ಲ, ಈಗ ಸಿಟ್ಟಿರಲಿಕ್ಕಿಲ್ಲ" ಎಂದು ಕೇಳಿದರು. ಅಷ್ಟು ಹಿಂಜರಿದು ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹಾಕಿರಿ ಎಂದೆ. ಹಾಕಿದರು. "ನಿಮ್ಮ ವಿನಂತಿ ಪರಿಶೀಲನೆಯಲ್ಲಿದೆ" ಎಂದು ಬಂತು.

ನಿವೃತ್ತಿಯಾಯಿತು. ಉದಗೀರಕ್ಕೆ ಹೋದರು. ನಾನು ಒಮ್ಮೆ ಅಲ್ಲಿಗೂ ಹೋಗಿದ್ದೆ. ತಂಗಿ ಒಳ್ಳೆಯವಳು, ಬಿಸಿ ಭಾಕರಿ ಬಡಿದು ಹಾಕಿದಳು. ಮನೆ ತುಂಬ ಮಕ್ಕಳು, ಮರಾಠಿ ಗದ್ದಲ. ಡಾಕ್ಟರು ಕಿಟಕಿಯ ಹತ್ತಿರ ಕೂತಿದ್ದರು. ಅಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ನಾನು ಇದ್ದಷ್ಟು ಹೊತ್ತು ಕನ್ನಡದಲ್ಲಿ ಬಹಳ ಮಾತಾಡಿದರು, ನೀರಡಿಸಿದವರು ಕುಡಿದಂತೆ. ನಾನು ಬಸ್ಸಿನ ಆ್ಯಪಿನಲ್ಲಿ "ಮಾಹಿತಿ ಇಲ್ಲ" ಎಂಬುದನ್ನು ತೆಗೆದು, ನಿಲ್ದಾಣದಲ್ಲಿ ನಿಂತವರು "ಕಾಯುತ್ತಿದ್ದೇನೆ, ಇನ್ನೂ ಬಂದಿಲ್ಲ" ಎಂದು ಹೇಳುವಂತೆ ಮಾಡಿದ್ದನ್ನು ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. "ವಾರ ಬಿಟ್ಟು ಹೇಳ್ತೇನಿ" ಎಂದರು. ಏಳನೇ ದಿನ ಫೋನು ಬಂತು. "ಈಗ ಛಲೋ ಆಗ್ಯಾದ. ಬಸ್ ಬರಲಿಲ್ಲಂದ್ರೂ ಒಬ್ಬಂವ ಕಾಯಲಾಕತ್ತಾನ ಅಂತಾದ್ರೂ ತಿಳೀತದ." ಉದಗೀರಕ್ಕೆ ಹೋದ ಆ ದಿನ ನಾನು ಹೊರಡುವಾಗ ಬಾಗಿಲ ತನಕ ಬಂದು ಕೇಳಿದ್ದರು, "ವಿನಂತಿ ಇನ್ನ ಪರಿಶೀಲನಿದಾಗೇ ಅದರಿ. ಬಹಳ ಮಂದಿ ಇರಬೇಕು ಸಾಲಿನಾಗ?"

"ಇರಬೇಕು ಸರ್" ಎಂದೆ.

ಕಾರ್ತಿಕದ ತನಕವೂ ಅದು ಪರಿಶೀಲನೆಯಲ್ಲೇ ಇತ್ತು. ಅವರು ಹೋದ ಸುದ್ದಿ ತಿಳಿದಾಗ ಗುಂಪಿನಲ್ಲಿ ಹೇಳಬೇಕೆನಿಸಿತು. ಅಲ್ಲಿ ಇಲ್ಲದವರ ಬಗ್ಗೆ ಯಾರಿಗೆ ಹೇಳುವುದೆಂದು ಬಿಟ್ಟೆ.

ಮೊನ್ನೆ ಸೋಮವಾರ ಮಧ್ಯಾಹ್ನ, ಪಾಠದ ನಡುವೆ, ಉದಗೀರದಿಂದ ಅವರ ತಂಗಿಯ ಫೋನು ಬಂತು. ಹೊರಗೆ ಬಂದು ಎತ್ತಿದೆ.

"ಟೀಚರ್ ಬಾಯಿ, ಅಣ್ಣನ ಫೋನು ಮುಂಜಾನಿಂದ ಬಡಕೊಳ್ಳಾಕತ್ತದವಾ. ಪಿನಶನ್ ಕಾಗದಕ್ಕ ಬೇಕಾಗ್ತದಂತ ಚಾಲೂ ಇಟ್ಟೀವಿ. ಎಲ್ಲಾ ಕನ್ನಡದಾಗ ಬರಾಕತ್ತಾವ. ಹುಡುಗೂರಿಗೆ ಓದಲಾಕ ಬರಂಗಿಲ್ಲ. ಏನಾರ ತ್ರಾಸದೇನು?"

ಗುಂಪು ತೆರೆದೆ. ಬಾಕಿ ಉಳಿದಿದ್ದ ವಿನಂತಿಗಳನ್ನೆಲ್ಲ ಅಂದು ಒಮ್ಮೆಲೇ ಒಪ್ಪಿಕೊಂಡಿದ್ದರು. ಹೊಸಬರ ಹೆಸರುಗಳ ನಡುವೆ ಡಾಕ್ಟರ ಹೆಸರಿತ್ತು. ಅವರನ್ನು ನೆನಪಿಟ್ಟವರು ಇದ್ದರು. ಸ್ವಾಗತ ಸರ್ ಎಂದಿದ್ದರು. ಇಷ್ಟು ದಿನ ಎಲ್ಲಿದ್ದಿರಿ ಎಂದಿದ್ದರು. ಒಬ್ಬಳು, ನಿಮ್ಮ ಮಾತು ಕೇಳಿ ನಕಲು ಇಟ್ಟುಕೊಂಡಿದ್ದೆ, ನನ್ನ ಕಥೆ ಉಳಿಯಿತು ಎಂದು ಬರೆದಿದ್ದಳು. ಗುಂಪು ಕಟ್ಟಿದವರೂ ಬರೆದಿದ್ದರು: "ಅಂದು ನೀವು ಹೇಳಿದ್ದು ಸರಿಯಿತ್ತು. ನಾನು ಹಾಗೆ ನಡೆದುಕೊಳ್ಳಬಾರದಿತ್ತು. ಮರಳಿ ಬಂದದ್ದು ಸಂತೋಷ."

"ತ್ರಾಸ ಏನಿಲ್ಲ ಅಕ್ಕಾ" ಎಂದೆ. "ಅವರನ್ನ ಸ್ವಾಗತ ಮಾಡ್ಯಾರ."

"ಯಾರು?"

"ಗೊತ್ತಿದ್ದ ಮಂದಿ."

"ಏನಂತ ಬರದಾರ, ಓದವಾ."

ಕೇಂದ್ರದ ಮೆಟ್ಟಿಲ ಮೇಲೆ ಕೂತು ಓದಿದೆ. ಕಥೆ ಉಳಿಯಿತು ಎಂದವಳದನ್ನು ಆಕೆ ಎರಡು ಸಲ ಓದಿಸಿಕೊಂಡಳು. ಗುಂಪು ಕಟ್ಟಿದವರದನ್ನು ಮೂರು ಸಲ. ಎಲ್ಲ ಮುಗಿದ ಮೇಲೆ ಕೇಳಿದಳು.

"ಇಷ್ಟ ಮಂದಿ ಗುರ್ತಿದ್ರೇನ ನಮ್ಮಣ್ಣಗ? ಮಣ್ಣಿಗೆ ಒಬ್ಬರೂ ಬರಲಿಲ್ಲಲ್ಲ?"

"ಅವರಿಗೆ ಗೊತ್ತಿಲ್ಲರಿ ಅಕ್ಕಾ."

"ಹಂಗಾರ ಹೇಳವಾ. ಇಷ್ಟ ಅಕ್ಕರತಿಲೆ ಕರದಾರ, ಸುಮ್ಮನ ಇರಬಾರದು."

ಫೋನು ಇಟ್ಟು, ಎಲ್ಲರೂ ಓದುವ ಜಾಗದಲ್ಲಿ, ಅವರ ಹೆಸರಿನ ಕೆಳಗೆ ಬರೆದೆ:

"ಡಾಕ್ಟರು ಈ ಕಾರ್ತಿಕದಲ್ಲಿ ತೀರಿಕೊಂಡರು. ನೀವು ಬರೆದದ್ದನ್ನು ಅವರ ತಂಗಿಗೆ ಓದಿ ಹೇಳಿದ್ದೇನೆ, ಒಂದನ್ನೂ ಬಿಡದೆ."